ಗೋಡೆ ಮೇಲಿನ ನಂಬರ್ ಬೇಡ, ಯೂರಾಲಜಿಸ್ಟ್ ಇದ್ದಾರೆ

ಬಳ್ಳಾರಿ ಸಿಟಿ ಇರಲಿ, ಸಿರುಗುಪ್ಪ, ಕುರುಗೋಡು ಇರಲಿ, ಗಂಡಸರ ಒಂದು ಸಮಸ್ಯೆಗೆ ಮೊದಲ ಸಲಹೆ ಸಿಗೋದು ಗೋಡೆ ಮೇಲೆ. ‘ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ’ ಅಂತ ಚೀಟಿ, ಕೆಳಗೊಂದು ಮೊಬೈಲ್ ನಂಬರ್. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿ ಅಂತ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಜನ ಫೋನ್ ಮಾಡ್ತಾರೆ. ಯಾಕಂದ್ರೆ ಅಲ್ಲಿ ಯಾರಿಗೂ ಮುಖ ತೋರಿಸಬೇಕಿಲ್ಲ.

ಆದರೆ ನಿಮಿರು ದೌರ್ಬಲ್ಯ ಮುಚ್ಚಿಡುವ ಕಾಯಿಲೆ ಅಲ್ಲ. ಶಿಶ್ನಕ್ಕೆ ರಕ್ತ ಒಯ್ಯುವ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು. ಶುಗರ್, ಬಿಪಿ, ಸಿಗರೇಟಿನಿಂದ ನಾಳಗಳು ಕೆಟ್ಟರೆ ತೊಂದರೆ ಹಲವು ಸಲ ಮೊದಲು ಕಾಣೋದು ಇಲ್ಲೇ, ಹೃದ್ರೋಗಕ್ಕಿಂತ ಎಷ್ಟೋ ಮುಂಚೆ. ಟೆನ್ಷನ್, ನಿದ್ದೆಗೇಡು, ಮನಸ್ಸಿನ ಬೇಸರವೂ ಕಾರಣವಾಗಬಹುದು. ಹಾಗಾಗಿ ಮೊದಲು ಬೇಕಿರೋದು ಲೇಹ್ಯ ಅಲ್ಲ, ರಕ್ತ ಪರೀಕ್ಷೆ.

ಮೊದಲು ಮಾತ್ರೆ

1998ರಲ್ಲಿ ವಯಾಗ್ರ ಬಂದ ಮೇಲೆ ಹೆಚ್ಚಿನವರಿಗೆ ಮಾತ್ರೆಯಲ್ಲೇ ಗುಣ ಕಾಣುತ್ತದೆ. ಆದರೆ ಎದೆನೋವಿಗೆ ನೈಟ್ರೇಟ್ ಔಷಧಿ ತಗೊಳ್ಳೋರು ಇದನ್ನು ಮುಟ್ಟಲೇಬಾರದು. ಬಿಪಿ ಕುಸಿದು ಜೀವಕ್ಕೇ ಅಪಾಯ. ಮೆಡಿಕಲ್ ಶಾಪ್‌ನಲ್ಲಿ ಮೆಲ್ಲಗೆ ಕೇಳಿ ತರುವ ಮಾತ್ರೆ ಇದಲ್ಲ. ಮಾತ್ರೆ ಕೆಲಸ ಮಾಡದಿದ್ದರೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್ ಇವೆ.

ಕೊನೆಗೆ ಇಂಪ್ಲಾಂಟ್

ಇದ್ಯಾವುದೂ ಆಗದವರಿಗೆ, ಅದರಲ್ಲೂ ಬಹುಕಾಲದ ಶುಗರ್ ಇರುವವರಿಗೆ, ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರಿಗೆ, ಇಂಪ್ಲಾಂಟ್ ಒಂದು ದಾರಿ. ಇದರಲ್ಲಿ ಎರಡು ಬಗೆ. ಒಂದು, ಬಾಗುವ ಎರಡು ಕಡ್ಡಿಗಳನ್ನು ಶಿಶ್ನದೊಳಗೆ ಇಡುವುದು. ಬೇಕಾದಾಗ ನೇರ ಮಾಡಿ, ಆಮೇಲೆ ಬಾಗಿಸಿ ಇಟ್ಟುಕೊಳ್ಳಬಹುದು. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ‘ಶಾ ಇಂಪ್ಲಾಂಟ್’ ಇದೇ ಬಗೆಯದು, ನಮ್ಮ ದೇಶದ್ದೇ. ಇನ್ನೊಂದು, 1973ರಲ್ಲಿ ಅಮೆರಿಕದ ಡಾ. ಬ್ರಾಂಟ್ಲಿ ಸ್ಕಾಟ್ ಪರಿಚಯಿಸಿದ ಪಂಪ್ ಬಗೆ. ವೃಷಣ ಚೀಲದಲ್ಲಿರುವ ಪುಟ್ಟ ಪಂಪ್ ಒತ್ತಿದರೆ ದ್ರವ ಟ್ಯೂಬ್‌ಗಳಿಗೆ ಹರಿದು ಗಟ್ಟಿಯಾಗುತ್ತದೆ. ಇದರ ಬೆಲೆ ಬಹಳ ಹೆಚ್ಚು.

ಎರಡೂ ಹೊರಗೆ ಕಾಣಲ್ಲ. ಆಸೆ, ಸ್ಪರ್ಶ, ಸುಖ ಮೊದಲಿನಂತೆಯೇ ಇರುತ್ತವೆ. ಆದರೆ ಉದ್ದ ಹೆಚ್ಚಾಗಲ್ಲ. ಒಮ್ಮೆ ಹಾಕಿಸಿದರೆ ಸಹಜ ನಿಮಿರುವಿಕೆ ವಾಪಸ್ ಬರಲ್ಲ. ಸೋಂಕು ತಗುಲಿದರೆ ತೆಗೆಯಬೇಕಾಗಬಹುದು, ಅದಕ್ಕೇ ಆಪರೇಷನ್‌ಗೆ ಮುಂಚೆ ಶುಗರ್ ಹಿಡಿತಕ್ಕೆ ಬರಬೇಕು. ಗಾಯ ಮಾಯಲು ಒಂದೂವರೆ ತಿಂಗಳಾದರೂ ಬಿಡುವು ಬೇಕು. ವರ್ಷಗಳು ಕಳೆದಂತೆ ಸಾಧನ ಕೆಟ್ಟು ಬದಲಿಸಬೇಕಾಗಲೂಬಹುದು.

ಆಪರೇಷನ್‌ಗೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕಾದೀತು. ಆದರೆ ಮೊದಲ ತಪಾಸಣೆಗೆ ಬಳ್ಳಾರಿ ಸಾಕು. ಸರ್ಜನ್ ಹತ್ತಿರ ಮೂರು ಪ್ರಶ್ನೆ ಕೇಳಿ: ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ? ನನಗೆ ಯಾವ ಬಗೆ ಸರಿ, ಯಾಕೆ? ಒಟ್ಟು ಖರ್ಚು ಎಷ್ಟು?

ಹೋಗುವಾಗ ಹೆಂಡತಿಯನ್ನೂ ಕರಕೊಂಡು ಹೋಗಿ. ‘ನನ್ನ ಮೇಲೆ ಇವರಿಗೆ ಮನಸ್ಸೇ ಇಲ್ಲ’ ಅಂತ ಆಕೆ ಒಳಗೊಳಗೇ ಕೊರಗುತ್ತಿರಬಹುದು. ಇದು ಕಾಯಿಲೆ, ಇದಕ್ಕೆ ಔಷಧಿ ಇದೆ ಅಂತ ಡಾಕ್ಟರ್ ಬಾಯಿಂದ ಕೇಳಿದರೆ ಇಬ್ಬರಿಗೂ ಸಮಾಧಾನ.