ನಿಮಗಿದು ಗೊತ್ತೆ? ಊಟ ಬಿಟ್ಟರೂ ಪಿತ್ತಕೋಶದಲ್ಲಿ ಕಲ್ಲು!

ತೂಕ ಬೇಗ ಇಳಿಯಲೆಂದು ಊಟ ಬಿಟ್ಟವರ ಪಿತ್ತಕೋಶದಲ್ಲೂ ಕಲ್ಲು ಬೆಳೆಯುತ್ತದೆ! ವಾರಕ್ಕೆ 1.5 ಕಿಲೋಗಿಂತ ಹೆಚ್ಚು ಇಳಿದರೆ ಅಪಾಯ ಏರುತ್ತದೆ. ಮೈಯ ಕೊಬ್ಬು ಒಮ್ಮೆಲೇ ಕರಗುವಾಗ ಲಿವರ್ ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟ್ರಾಲ್ ಸೇರಿಸುತ್ತದೆ. ಇತ್ತ ಊಟದಲ್ಲಿ ಜಿಡ್ಡೇ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ಒಳಗೇ ನಿಂತ ರಸ ಮಂದವಾಗಿ ಹರಳುಗಟ್ಟುತ್ತದೆ. ಹೊತ್ತು ಹೊತ್ತಿಗೆ ಉಣ್ಣಿ, ತುಸು ಎಣ್ಣೆ ಇರಲಿ, ತೂಕ ನಿಧಾನವಾಗಿ ಇಳಿಯಲಿ.

ಕಲ್ಲಿದ್ದರೂ ಹೆಚ್ಚಿನವರಿಗೆ ನೋವೇ ಇರದು. ಅಂಥವರಿಗೆ ಸಾಮಾನ್ಯವಾಗಿ ಚಿಕಿತ್ಸೆಯೂ ಬೇಡ. ಆದರೆ ಕಲ್ಲು ನಾಳಕ್ಕೆ ಅಡ್ಡ ನಿಂತರೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಬಲ ಭುಜಕ್ಕೂ ಬೆನ್ನಿಗೂ ಹಬ್ಬುತ್ತದೆ. ಭಾರಿ ಊಟದ ಬಳಿಕ, ಬಹಳ ಸಲ ರಾತ್ರಿ ಹೊತ್ತೇ ಬರುತ್ತದೆ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗುವವರೇ ಜಾಸ್ತಿ. ತೇಗು ಬಂದರೂ ಈ ನೋವು ಇಳಿಯದು, ಗಂಟೆಗಟ್ಟಲೆ ಕಾಡಬಹುದು. ಜೊತೆಗೆ ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗುವವರೆಗೂ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರೆ ಪಿತ್ತಕೋಶದ ಕಲ್ಲು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ.