ಕಡಲು ದಾಟಿ ಬರುವ ತಿಜೋರಿಗಳು

ದೀಪಾವಳಿಯ ಲಕ್ಷ್ಮೀಪೂಜೆಯಂದು ನಮ್ಮ ಪೇಟೆಯ ಅಂಗಡಿಗಳಲ್ಲಿ ತಿಜೋರಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಆರತಿ ಎತ್ತುವುದನ್ನು ವಾಚಕರು ಕಂಡೇ ಇರುತ್ತಾರೆ. ಆದರೆ ಒಳಗಿಡಲು ಹಣವಾಗಲಿ ಒಡವೆಯಾಗಲಿ ಇಲ್ಲದೆ, ಕೇವಲ ತಿಜೋರಿಯ ಮೇಲಿನ ಮೋಹದಿಂದಲೇ ತಿಜೋರಿಯನ್ನು ಕೊಳ್ಳುವವರು ಉಂಟೆಂದರೆ ಅನೇಕರು ನಂಬಲಾರರು. ಅಂಥವರು ಉಂಟು. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಅಮೆರಿಕಗಳಲ್ಲಿ ಹರಾಜಿಗೆ ಬರುವ ನೂರು, ನೂರೈವತ್ತು ವರ್ಷದ ಕಬ್ಬಿಣದ ಪೆಟ್ಟಿಗೆಗಳನ್ನು ಕೊಂಡು, ಹಡಗಿನಲ್ಲಿ ತರಿಸಿಕೊಂಡು, ಮಕ್ಕಳನ್ನು ಮೀಯಿಸಿದಂತೆ ಅವುಗಳ ತುಕ್ಕು ತೊಳೆಯುವುದೇ ಅವರ ಹವ್ಯಾಸ. ನಮ್ಮ ಮಿತ್ರರೊಬ್ಬರು, ನಿವೃತ್ತ ಇಂಜಿನಿಯರು, ಈ ಪಂಗಡಕ್ಕೆ ಸೇರಿದವರು. ಅವರ ಸಹವಾಸದಿಂದಲೇ ಈ ಲೇಖಕನಿಗೂ ಆ ವಿಷಯದಲ್ಲಿ ಕುತೂಹಲ ಹುಟ್ಟಿದ್ದು.

ಈ ಪೆಟ್ಟಿಗೆಗಳಲ್ಲಿ ಅಂಥದೇನಿದೆ ಎಂದು ಕೇಳಬಹುದು. ಜರ್ಮನಿಯ ನ್ಯೂರೆಂಬರ್ಗ್ ನಗರದ ಕಮ್ಮಾರರು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಮಾಡಿದ ಕಬ್ಬಿಣದ ಸಂದೂಕಗಳನ್ನೇ ನೋಡಿ. ಮುಂಭಾಗದಲ್ಲಿ ಸೊಗಸಾದ ಬೀಗದ ಕಂಡಿ ಕಾಣುತ್ತದೆ. ಅದು ಬರಿಯ ಸೋಗು. ನಿಜವಾದ ಕಂಡಿ ಮುಚ್ಚಳದ ನಡುವೆ ಅಡಗಿರುತ್ತದೆ. ಅಲ್ಲಿ ಒಂದೇ ಬೀಗದ ಕೈ ತಿರುವಿದರೆ ಸುತ್ತಲಿನ ಹತ್ತು ಹನ್ನೆರಡು ಚಿಲಕಗಳು ಒಮ್ಮೆಲೇ ಹಿಂಜರಿಯುತ್ತವೆ. ಇವನ್ನು ‘ಆರ್ಮಡಾ ಪೆಟ್ಟಿಗೆ’ಗಳೆಂದು ಕರೆಯುವುದು ವಾಡಿಕೆ. 1588ರ ಸ್ಪೇನಿನ ನೌಕಾಪಡೆಗೂ ಇವಕ್ಕೂ ಯಾವ ಸಂಬಂಧವೂ ಇಲ್ಲ. ಹೆಸರು ಬಹುಕಾಲದ ಅನಂತರ ಯಾರೋ ಇಟ್ಟದ್ದು. ಹೆಸರನ್ನು ನಂಬಿ ಹೆಚ್ಚು ಬೆಲೆ ತೆರುವವರು ಮಾತ್ರ ಇಂದಿಗೂ ಇದ್ದಾರೆ!

ಬೀಗಗಳ ಕಥೆ ಇನ್ನೂ ಸ್ವಾರಸ್ಯವಾದುದು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳರು ನಕಲಿ ಕೀಲಿಯಿಂದ ಬೀಗ ತೆಗೆದು ಕಳವು ಮಾಡಿದಾಗ, ತನ್ನ ಕೈಯಲ್ಲದೆ ಬೇರಾವುದಕ್ಕೂ ಬಗ್ಗದ ಬೀಗವನ್ನು ಮಾಡಿದವರಿಗೆ ಬಹುಮಾನವೆಂದು ಸರ್ಕಾರ ಸಾರಿತು. 1818ರಲ್ಲಿ ಜೆರೆಮಿಯಾ ಚಬ್ ಎಂಬಾತ ಅದನ್ನು ಸಾಧಿಸಿದ. ಅವನ ಬೀಗಕ್ಕೆ ಒಂದು ವಿಶೇಷ ಗುಣ. ಅನ್ಯರ ಕೀಲಿಯೋ ಕಳ್ಳನ ತಂತಿಯೋ ಒಳಗಿನ ಸನ್ನೆಯೊಂದನ್ನು ಮಿತಿಮೀರಿ ಎತ್ತಿತೆಂದರೆ, ಆ ಸನ್ನೆ ಅಲ್ಲಿಯೇ ಸಿಕ್ಕಿಕೊಂಡು ಬೀಗ ಸ್ತಬ್ಧವಾಗುತ್ತದೆ. ಯಜಮಾನ ಬಂದು ತನ್ನ ಕೀಲಿಯನ್ನು ಹಾಕಿದಾಗ ಅದೂ ತಿರುಗುವುದಿಲ್ಲ. ಯಾರೋ ಕೈಯಾಡಿಸಿದ್ದಾರೆಂದು ತಿಳಿಯುತ್ತದೆ. ಅದೇ ಕೀಲಿಯನ್ನು ಒಮ್ಮೆ ಹಿಮ್ಮುಖವಾಗಿ ತಿರುವಿದರೆ ಬೀಗ ಮತ್ತೆ ಸರಿಹೋಗುವಂತೆ ಮುಂದೆ ಅದನ್ನು ತಿದ್ದಿದರು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಬಂದ ಹಾಬ್ಸ್ ಎಂಬ ಅಮೆರಿಕನ್ ಈ ಬೀಗವನ್ನು 25 ನಿಮಿಷದಲ್ಲಿ ತೆಗೆದು ಇಂಗ್ಲೆಂಡನ್ನೇ ದಂಗುಬಡಿಸಿದ. ಬಳಿಕ ಪಿಕಡಿಲಿಯ ಅಂಗಡಿ ಕಿಟಕಿಯಲ್ಲಿ ಬಹುಕಾಲದಿಂದ 200 ಗಿನಿಗಳ ಪಂಥ ಹೂಡಿ ಕುಳಿತಿದ್ದ ಬ್ರಾಮಾ ಬೀಗಕ್ಕೆ ಕೈಯಿಕ್ಕಿದ. ಅದಕ್ಕೆ ಹದಿನಾರು ದಿನಗಳಲ್ಲಿ 51 ಗಂಟೆ ಹಿಡಿಯಿತು. ಪಣದ ಹಣವೂ ಅವನ ಕೈಸೇರಿತು.

ಕಳ್ಳನಿಗಿಂತಲೂ ಬೆಂಕಿಯ ಭಯ ದೊಡ್ಡದಾಗಿದ್ದ ಕಾಲವದು. ಲಿವರ್‌ಪೂಲಿನ ಥಾಮಸ್ ಮಿಲ್ನರ್ 1840ರಲ್ಲಿ ಬೆಂಕಿಗೆ ಜಗ್ಗದ ಪೆಟ್ಟಿಗೆಗೆ ಪೇಟೆಂಟ್ ಪಡೆದ. ಆ ಕಾಲದ ಅನೇಕ ತಿಜೋರಿಗಳಲ್ಲಿ ಎರಡು ತಗಡುಗಳ ನಡುವೆ ಮರದ ಹೊಟ್ಟು ಮತ್ತು ಪಟಿಕವನ್ನು ತುಂಬುತ್ತಿದ್ದರು. ಕ್ಷೌರವಾದ ಮೇಲೆ ಕೆನ್ನೆಗೆ ಉಜ್ಜುವ ಪಟಿಕವೇ ಅದು. ಅದರ ತೂಕದಲ್ಲಿ ನೂರಕ್ಕೆ 45ರಷ್ಟು ನೀರು. ಬೆಂಕಿ ತಾಕಿದೊಡನೆ ಆ ನೀರು ಹಬೆಯಾಗಿ ಹೊಟ್ಟನ್ನು ತೋಯಿಸಿ, ಒಳಗಿನ ಕಾಗದ ಪತ್ರಗಳನ್ನು ತಂಪಾಗಿಡುತ್ತಿತ್ತು. ಆದರೆ ಕಾಪಾಡುವ ಪಟಿಕವೇ ತೇವ ಹೀರಿಕೊಂಡರೆ ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ಥಳಥಳಿಸುವ ಪೆಟ್ಟಿಗೆಯ ತಳವನ್ನು ಕೈಯಿಂದ ತಟ್ಟಿ ನೋಡದೆ ಕೊಳ್ಳಬಾರದೆಂದು ನಮ್ಮ ಮಿತ್ರರು ಹೇಳುವುದು ಇದಕ್ಕೇ.

ಗೋಡೆಯೊಳಗೆ ಪಟಿಕವೇ ಇರುತ್ತದೆಂಬ ಭರವಸೆಯೂ ಇಲ್ಲ. ಕೆಲವು ಪೆಟ್ಟಿಗೆಗಳಲ್ಲಿ ತುಂಬಿರುವುದು ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಎಂಥ ಹಗೆಯೆಂಬುದು ಈಗ ಜಗಜ್ಜಾಹೀರು. ಆಸ್ಟ್ರೇಲಿಯಾ 2003ರ ಕೊನೆಯಿಂದ ಕಲ್ನಾರಿನ ಆಮದನ್ನೇ ನಿಷೇಧಿಸಿದೆ. ಹಳೆಯ ತಿಜೋರಿಗೂ ಅಲ್ಲಿ ರಿಯಾಯಿತಿಯಿಲ್ಲ. ಅಮೆರಿಕದ ಪೆಟ್ಟಿಗೆಗಳಲ್ಲಿ ಇನ್ನೊಂದು ಗಂಡಾಂತರ ಉಂಟು. 1920ರಿಂದೀಚೆಗೆ ಕೆಲವು ದಶಕಗಳ ಕಾಲ ಅಲ್ಲಿನ ಅನೇಕ ತಿಜೋರಿಗಳ ಬಾಗಿಲ ಹಿಂದೆ, ಬೀಗದ ಬಳಿ, ಕಳ್ಳನು ಕೊರೆದರೆ ಒಡೆಯಲೆಂದು ಗಾಜಿನ ಕೊಳವೆಗಳಲ್ಲಿ ಅಶ್ರುವಾಯುವಿನ ದ್ರವವನ್ನು ಇಡುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಪ್ರಯೋಗಿಸಿದ ಕ್ಲೋರೋಪಿಕ್ರಿನ್ ಎಂಬ ವಿಷವದು. ಕಳ್ಳರೂ ಯಜಮಾನರೂ ತೀರಿಹೋದರೂ ಎಷ್ಟೋ ಕೊಳವೆಗಳು ಹಾಗೆಯೇ ಉಳಿದಿವೆ. ಬಾಗಿಲ ಹಿಂದಿನ ತಗಡನ್ನು ಬಿಚ್ಚುವಾಗ ಹಳದಿ ದ್ರವದ ಗಾಜು ಕಂಡಿತೋ, ಕೈಬಿಟ್ಟು ಹೊರಗೆ ಬಂದು ತಿಳಿದವರನ್ನು ಕರೆಸಬೇಕು.

ಇಷ್ಟಾದ ಮೇಲೆ ಸಮುದ್ರಯಾನ ದೊಡ್ಡ ಸಂಗತಿಯೇ ಅಲ್ಲ. ಇತರರ ಸರಕಿನೊಡನೆ ಕಳುಹಿಸುವಾಗ ಒಂದು ಘನ ಮೀಟರ್ ಅಥವಾ ಸಾವಿರ ಕಿಲೋಗ್ರಾಂ, ಇವೆರಡರಲ್ಲಿ ಲೆಕ್ಕಕ್ಕೆ ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ. ತಿಜೋರಿ ಜಾಗ ಹಿಡಿಯುವುದು ಕಡಮೆ, ತೂಗುವುದು ಹೆಚ್ಚು. ಸೊಂಟದೆತ್ತರದ್ದೂ ನಾಲ್ಕೈದು ನೂರು ಕಿಲೋ ಇರುವುದುಂಟು. ಕಟ್ಟುವ ಮರದ ಚೌಕಟ್ಟನ್ನು, ಹುಳು ಬರದಂತೆ, ತಿರುಳಿನವರೆಗೂ 56 ಡಿಗ್ರಿ ಉಷ್ಣದಲ್ಲಿ ಅರ್ಧ ಗಂಟೆ ಕಾಯಿಸಿ ಗೋಧಿತೆನೆಯ ಮುದ್ರೆ ಒತ್ತಿರಬೇಕು. ಇಲ್ಲವಾದರೆ ರೇವಿನಲ್ಲಿಯೇ ತಕರಾರು. ನೂರು ವರ್ಷ ದಾಟಿದ ವಸ್ತುವಿಗೆ ಸುಂಕದ ಪಟ್ಟಿಯಲ್ಲಿ ಬೇರೆಯ ಸ್ಥಾನವಿರುವುದರಿಂದ ವಯಸ್ಸಿಗೆ ಕಾಗದದ ಪುರಾವೆಯೂ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯ ಜೊತೆಗೆ ಕಳುಹಿಸಬಾರದು, ಬಾಗಿಲಿಗೆ ಬೀಗವನ್ನೂ ಹಾಕಬಾರದು.

ಈ ಕೊನೆಯ ಮಾತನ್ನು ನಮ್ಮ ಮಿತ್ರರ ಪೆಟ್ಟಿಗೆಯನ್ನು ಕಟ್ಟಿದವರು ಪಾಲಿಸಲಿಲ್ಲ. ಇಂಗ್ಲೆಂಡಿನಿಂದ ಚೆನ್ನೈಗೆ, ಅಲ್ಲಿಂದ ಬೆಂಗಳೂರಿಗೆ ಸುಖವಾಗಿ ಬಂದ ಚಬ್ ತಿಜೋರಿ ಮನೆಯ ಗೇಟಿನಲ್ಲಿ ನಿಂತುಬಿಟ್ಟಿತು. ಆರು ಆಳುಗಳು, ನಾಲ್ಕು ಕೊಳವೆಗಳು, ಒಂದು ಹಗ್ಗ. ಗೇಟಿನಿಂದ ಪಡಸಾಲೆಯ ಇಪ್ಪತ್ತು ಹೆಜ್ಜೆಗೆ ಇಡೀ ಬೆಳಗು ಹಿಡಿಯಿತು. ಮಹಡಿಗೆ ಏರಿಸುವ ಆಸೆಯನ್ನು ಮೆಟ್ಟಿಲ ಬಳಿ ನಿಂತು ಮೇಲೆ ನೋಡಿದವರೇ ಬಿಟ್ಟರು. ಒಬ್ಬ ಆಳಿನ ಕಾಲ ಬೆರಳು ಕೂದಲೆಳೆಯಲ್ಲಿ ಉಳಿಯಿತು. ಆಮೇಲೆ, ಅಂಚೆಯಲ್ಲಿ ಬಂದಿದ್ದ ಬೀಗದ ಕೈಯನ್ನು ಹಾಕಿದರೆ ತಿರುಗಲೊಲ್ಲದು. ಎಣ್ಣೆ ಬಿಟ್ಟರು, ಬೈದರು, ಮಾರಿದವನಿಗೆ ಕಾಗದ ಬರೆದರು. ಮರುದಿನ ಬಾಗಿಲು ಕೊರೆಯಲು ಯಂತ್ರದವನಿಗೆ ಹೇಳಿಕಳಿಸಿದ್ದೂ ಆಯಿತು. ಅವರ ಮನೆಯಾಕೆ, “ಇದನ್ನು ಒಡೆಯುವುದಕ್ಕೇ ಅಷ್ಟು ದೂರದಿಂದ ತರಿಸಿದಿರಾ?” ಎಂದು ಕೇಳಿದರಂತೆ.

ರಾತ್ರಿ ಎರಡು ಗಂಟೆಗೆ ಮಿತ್ರರು ಹಾಸಿಗೆಯಿಂದ ಎದ್ದರು. ದಾರಿಯಲ್ಲಿ ಯಾರೋ ಬೇರೆ ಕೀಲಿಯನ್ನು ತುರುಕಿ ನೋಡಿರಬೇಕೆಂಬುದು ಅವರಿಗೆ ಆಗ ಹೊಳೆಯಿತು. ಬರಿಗಾಲಲ್ಲಿ ಪಡಸಾಲೆಗೆ ಬಂದು, ಕೀಲಿಯನ್ನು ಹಾಕಿ, ಮೆಲ್ಲಗೆ ಹಿಮ್ಮುಖವಾಗಿ ತಿರುವಿದರು. ಒಳಗೆ ಏನೋ ಟಪ್ಪೆಂದು ಬಿದ್ದ ಸದ್ದು. ಮತ್ತೆ ಮುಂದಕ್ಕೆ ತಿರುವಿದಾಗ ಬಾಗಿಲು ತೆರೆಯಿತು. ಒಳಗೆ ಹಳೆಯ ಕಾಗದದ ವಾಸನೆಯಲ್ಲದೆ ಮತ್ತೇನೂ ಇರಲಿಲ್ಲ.

ಈಗ ದೀಪಾವಳಿಯಲ್ಲಿ ಆ ತಿಜೋರಿಗೂ ಕುಂಕುಮ ಬೀಳುತ್ತದೆ. ಮಿತ್ರರು ಅದಕ್ಕೆ ಬೀಗ ಹಾಕುವುದಿಲ್ಲ. ಬೀಗದ ಕೈಗಳು ಸಾಮಾನ್ಯವಾಗಿ ಎರಡಿರುತ್ತವೆ. ಅವರಿಗೆ ಬಂದಿರುವುದು ಒಂದೇ. ಇನ್ನೊಂದಕ್ಕಾಗಿ ಅವರು ಇಂಗ್ಲೆಂಡಿಗೆ ಕಾಗದ ಬರೆಯುತ್ತಲೇ ಇದ್ದಾರೆ.