ಶಾಲು ಮತ್ತು ಕಂಬಳಿ

‘ಉಣ್ಣೆ’ ಎಂಬುದು ಸಂಸ್ಕೃತದ ‘ಊರ್ಣಾ’ ಶಬ್ದದ ತದ್ಭವ. ‘ಕಂಬಳಿ’ಯು ‘ಕಂಬಲ’ದಿಂದ ಬಂದುದು. ‘ಶಾಲು’ ಪಾರಸೀಕ ಭಾಷೆಯಿಂದ ನಮ್ಮಲ್ಲಿಗೆ ಬಂದ ಅತಿಥಿ. ಕುರಿಯ ಮೈಗೂದಲಿಗೇ ಸಂಬಂಧಿಸಿದ ಈ ಮೂರು ಶಬ್ದಗಳಲ್ಲಿ, ಕೊನೆಯದಕ್ಕೆ ನಮ್ಮ ಸಭೆಗಳಲ್ಲಿ ಸಲ್ಲುವ ಮರ್ಯಾದೆ ನಡುವಿನದಕ್ಕೆ ಸಲ್ಲುವುದಿಲ್ಲ. ಇದು ಏಕೆ, ಇದು ಯುಕ್ತವೇ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಳೆದ ವರ್ಷ ಪರದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯೆಯೊಬ್ಬಳು ತಾನೇ ಹೆಣೆದ ಮೆರಿನೊ ಉಣ್ಣೆಯ ಶಾಲೊಂದನ್ನು ಕಳುಹಿಸಿದಳು. ಅಂಗೈಯಲ್ಲಿ ಹಿಡಿದರೆ ಭಾರವೇ ತೋರದು. ಬಿಡಿಸಿದರೆ ಮೈತುಂಬ ಎಲೆಬಳ್ಳಿಯ ಜಾಲರಿ. ಇದು ಮಗ್ಗದ ಕೆಲಸವಲ್ಲ, ಎರಡು ಕಡ್ಡಿಗಳ ಕೆಲಸ. ನೇಯ್ಗೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ಹೆಣಿಗೆಯಲ್ಲಿ ಒಂದೇ ನೂಲು ಕುಣಿಕೆಯಾಗಿ ಇನ್ನೊಂದು ಕುಣಿಕೆಯೊಳಗಿಂದ ಹಾಯುತ್ತ ಬಟ್ಟೆಯಾಗುತ್ತದೆ. ಬೇಕಾದಲ್ಲಿ ನೂಲನ್ನು ಕಡ್ಡಿಯ ಮೇಲೆ ಒಮ್ಮೆ ಸುಮ್ಮನೆ ಸುತ್ತಿದರೆ ಒಂದು ರಂಧ್ರವುಂಟಾಗುತ್ತದೆ, ಒಂದು ಕುಣಿಕೆ ಹೆಚ್ಚುತ್ತದೆ. ಹೆಚ್ಚಿದ್ದನ್ನು ಸರಿದೂಗಿಸಲು ಪಕ್ಕದ ಎರಡು ಕುಣಿಕೆಗಳನ್ನು ಕೂಡಿಸಿ ಹೆಣೆಯಬೇಕು. ಈ ಕೂಡಿಸುವ ಕಳೆಯುವ ಲೆಕ್ಕ ತಪ್ಪಿದರೆ ಬಳ್ಳಿಯೇ ತಪ್ಪುತ್ತದೆ. ಮುಗಿದ ಮೇಲೆ ಶಾಲನ್ನು ನೀರಲ್ಲಿ ನೆನೆಸಿ, ಅಂಚುಗಳನ್ನು ಸೂಜಿಯಿಂದ ಬಿಗಿದು ಹರಡಿ ಒಣಗಿಸಿದಾಗಲೇ ಚಿತ್ತಾರವು ಕಣ್ಣುಬಿಡುತ್ತದೆ. ರಷ್ಯಾದ ಓರೆನ್‌ಬರ್ಗಿನಲ್ಲಿ ಮೇಕೆಯ ತುಪ್ಪಳದಿಂದಲೂ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಅಲ್ಲಿಯ ಕುರಿಯ ಉಣ್ಣೆಯಿಂದಲೂ ಹೆಣೆದ ಇಂಥ ಶಾಲುಗಳು ಉಂಗುರದೊಳಗಿಂದ ತೂರುವಷ್ಟು ನವುರೆಂದು ಪ್ರಸಿದ್ಧವಾಗಿವೆ.

ಈ ನವುರಿನ ಮೂಲ ಎಳೆಯಲ್ಲಿದೆ. ಮೆರಿನೊ ಸ್ಪೇನ್ ದೇಶದಲ್ಲಿ ಹೆಸರಾದ ತಳಿ. 1797ರಲ್ಲಿ ಆಸ್ಟ್ರೇಲಿಯವನ್ನು ಮುಟ್ಟಿ ಅಲ್ಲಿ ಬೆಳೆಯಿತು. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನ್. ಮೆರಿನೊ ಎಳೆಯ ದಪ್ಪ ಸಾಮಾನ್ಯವಾಗಿ 24 ಮೈಕ್ರಾನಿಗಿಂತ ಕಡಿಮೆ. ನಮ್ಮ ದಖ್ಖಣಿ ಕುರಿಯ ಎಳೆ 30 ಮೈಕ್ರಾನನ್ನು ಮೀರಿದ್ದು. ನಡುನಡುವೆ ಗಡುಸು ಕೂದಲೂ ಸೇರಿರುತ್ತದೆ. ದಪ್ಪ ಎಳೆಯ ತುದಿ ಬಾಗದೆ ಚರ್ಮವನ್ನು ಚುಚ್ಚುತ್ತದೆ. ಕಂಬಳಿ ಚುಚ್ಚುವುದರ ಕಾರಣವಿಷ್ಟೇ. ಈ ಉಣ್ಣೆಯಿಂದ ಜಾಲರಿಯ ಶಾಲು ಹೆಣೆಯಹೊರಟರೆ ಅದು ಕೊರಳಿಗೆ ಶಿಕ್ಷೆಯಾದೀತು. ಹಾಗೆಯೇ ಆ ಶಾಲನ್ನು ಹೊದ್ದು ಬಾದಾಮಿಯ ಗುಡ್ಡದ ಜಾಲಿಮುಳ್ಳಿನಲ್ಲಿ ಕುರಿ ಹಿಂದೆ ನಡೆದರೆ ಸಂಜೆಗೆ ಎಳೆಯೂ ಉಳಿಯದು.

ಒರಟು ಉಣ್ಣೆಗೆ ನಮ್ಮ ಹಿರಿಯರು ಕಂಡುಕೊಂಡ ಉತ್ತರವೇ ಕಂಬಳಿ. ಕುರಿಯನ್ನು ಹಳ್ಳದಲ್ಲಿ ಮೀಯಿಸಿ, ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಬಿಲ್ಲಿನ ಹೆದೆಯಿಂದ ಮಿಡಿದು ಹಿಂಜಿದ ಉಣ್ಣೆಯನ್ನು ಮನೆಯ ಹೆಂಗಸರು ನೂಲುತ್ತಾರೆ. ದಖ್ಖಣಿ ಕುರಿ ಬಹುಮಟ್ಟಿಗೆ ಕಪ್ಪು. ಆದುದರಿಂದ ಬಣ್ಣದ ಹಂಗಿಲ್ಲ. ಹಾಸನ್ನು ಬೀದಿಯುದ್ದ ಬಿಗಿದು ಕಟ್ಟಿ, ಹುಣಸೆ ಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಕುಂಚದಿಂದ ಬಳಿಯುತ್ತಾರೆ. ಗಂಜಿಯು ಎದ್ದ ಕೂದಲನ್ನು ಒರಗಿಸಿ ನೂಲಿಗೆ ಬಲ ಕೊಡುತ್ತದೆ. ಇಲ್ಲವಾದರೆ ಮಗ್ಗದ ಜಗ್ಗಾಟಕ್ಕೆ ಹಾಸು ಹರಿಯುತ್ತದೆ. ಬಳಿಕ ನೇಕಾರನು ಕುಣಿಮಗ್ಗದ ಅಂಚಿನಲ್ಲಿ ಕುಳಿತು, ಕಾಲನ್ನು ತಗ್ಗಿಗಿಳಿಸಿ, ಲಾಳಿ ಹಾಯಿಸಿ ಹೊಕ್ಕನ್ನು ಬಿಗಿಯುತ್ತಾನೆ. ಮನೆಮಂದಿಯೆಲ್ಲರ ದುಡಿಮೆ ಒಂದು ಕಂಬಳಿಯಲ್ಲಿ ಹಾಸುಹೊಕ್ಕಾಗುವುದೆಂದರೆ ಅದು ಬರಿಯ ನುಡಿಗಟ್ಟಲ್ಲ.

ಇದರ ಗುಣವನ್ನು ಬಲ್ಲವನು ಕುರಿಗಾರ. ಉಣ್ಣೆಯ ಸಹಜ ಜಿಡ್ಡು ಹನಿಯನ್ನು ಜಾರಿಸುತ್ತದೆ. ಒಳಹೊಕ್ಕ ತೇವವನ್ನು ಎಳೆಯು ತನ್ನಲ್ಲಿ ಹೀರಿಕೊಂಡರೂ ಮೈಗೆ ಬೇಗ ತಣ್ಣಗಾಗದು. ಎಳೆಗಳ ನಡುವೆ ನಿಂತ ಗಾಳಿ ಚಳಿಯಲ್ಲಿ ಬೆಚ್ಚಗಿಡುತ್ತದೆ. ಕೊಪ್ಪೆ ಹಾಕಿದರೆ ಮಳೆಗೆ ಸೂರು, ಹಾಸಿದರೆ ಹಾಸಿಗೆ, ಚಳಿಗೆ ಹೊದಿಕೆ. ಮಂಗಳಕಾರ್ಯಗಳಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡುವ ರೂಢಿಯುಂಟು. ಮೈಲಾರನ ಗೊರವರು ಕರಿ ಕಂಬಳಿಯ ಅಂಗಿ ತೊಡುತ್ತಾರೆ. ಶರಣರ ಬಳಗದಲ್ಲಿ ನೇಕಾರರಾದ ಜೇಡರ ದಾಸಿಮಯ್ಯನವರೂ ಕುರಿ ಕಾಯ್ದ ವೀರಗೊಲ್ಲಾಳರೂ ಇದ್ದರೆಂಬುದನ್ನು ನಮ್ಮ ವಾಚಕರಿಗೆ ನೆನಪಿಸಬೇಕಾದುದಿಲ್ಲ.

ಆದರೂ ಕಂಬಳಿ ಕ್ಷೀಣಿಸುತ್ತಿದೆ. ಮಾಂಸಕ್ಕೆ ಬೆಲೆ ಏರಿತು, ಉಣ್ಣೆಗೆ ಇಳಿಯಿತು. ಉಣ್ಣೆಯಿಲ್ಲದ ದೊಡ್ಡ ಮೈಯ ತಳಿಗಳೊಡನೆ ಬೆರೆತು ದಖ್ಖಣಿಯ ಶುದ್ಧ ಹಿಂಡು ವಿರಳವಾಗುತ್ತಿದೆ. ಹಲವೆಡೆ ಕತ್ತರಿಸುವ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಎಸೆಯುತ್ತಾರೆ. ಪಾಣಿಪತ್ತಿನ ಅಗ್ಗದ ರಗ್ಗು ಸಂತೆಗೆ ಬಂದಿದೆ. ಇಲಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಹೊರನಾಡಿನಲ್ಲಿ ಹೆಸರುಂಟು. ಅದೇ ಜಿಲ್ಲೆಯ ಕಂಬಳಿಯನ್ನು ಕೇಳುವವರು ಕಡಿಮೆ.

ಬೆಲೆಯಿಳಿದುದಕ್ಕೆ ಪೇಟೆಯೊಂದೇ ಕಾರಣವಲ್ಲ, ನನ್ನಂಥವರೂ ಕಾರಣರು. ಅಧ್ಯಾಪಕವೃತ್ತಿಯ ಮೊದಲ ದಿನಗಳಲ್ಲಿ, ಬೇರೊಂದು ಊರಿನ ಶಾಲೆಯಲ್ಲಿ, ಮಳೆಗಾಲದ ಒಂದು ಮುಂಜಾನೆ ಹಟ್ಟಿಯ ಬಾಲಕನೊಬ್ಬ ಕಂಬಳಿಯ ಕೊಪ್ಪೆ ಹೊದ್ದು ಬಾಗಿಲಲ್ಲಿ ನಿಂತ. ತೊಯ್ದ ಉಣ್ಣೆಯ ವಾಸನೆ ಕೊಠಡಿಯನ್ನು ತುಂಬಿತು. ಹುಡುಗರು ನಕ್ಕರು. ‘ಅದನ್ನ ಹೊರಗಿಟ್ಟು ಬಾರೋ’ ಎಂದೆ. ಇಟ್ಟು ಬಂದ. ಮರುದಿನ ಅವನು ಕಂಬಳಿಯಿಲ್ಲದೆ, ಪಾಟೀಚೀಲವನ್ನು ಎದೆಗವಚಿಕೊಂಡು, ಪೂರ್ತಿ ತೊಯ್ದು ಬಂದ. ಸಂಧಿ ಸಮಾಸಗಳನ್ನು ಕಲಿಸಲು ಸಂಬಳ ಪಡೆಯುತ್ತಿದ್ದ ನಾನು ಆ ಹುಡುಗನಿಗೆ ಕಲಿಸಿದ್ದು, ತಾಯಿ ನೂತು ತಂದೆ ನೆಯ್ದ ವಸ್ತುವಿಗೆ ನಾಚುವುದನ್ನು.

ಶಿಷ್ಯೆಯ ಶಾಲು ನನ್ನ ಪೆಟ್ಟಿಗೆಯಲ್ಲಿದೆ. ಅದರ ಒಂದೊಂದು ಕುಣಿಕೆಯಲ್ಲೂ ಅವಳ ಸಹನೆಯನ್ನು ಕಾಣುತ್ತೇನೆ. ಅದೇ ಸಹನೆ ಕಂಬಳಿಯಲ್ಲೂ ಇದೆ. ಮೃದುವಾದುದು ಮೇಲು, ಒರಟಾದುದು ಕೀಳು ಎಂಬ ತೀರ್ಮಾನ ವಸ್ತುವಿನದಲ್ಲ, ನಮ್ಮದು. ಒಂದೊಂದು ಎಳೆಗೂ ಅದರದೇ ಧರ್ಮವಿದೆ; ಆ ಧರ್ಮಕ್ಕೊಪ್ಪುವಂತೆ ದುಡಿಸಿದ ಕೈ ಎಲ್ಲಿಯದಾದರೂ ಗೌರವಾರ್ಹ.

ಆದಕಾರಣ ಸಹೋದ್ಯೋಗಿಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ದಾನಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಮುಂಬರುವ ವಾರ್ಷಿಕೋತ್ಸವದಲ್ಲಿ ಅತಿಥಿಗಳ ಹೆಗಲಿಗೆ ಶಾಲಿಗೆ ಬದಲಾಗಿ ಕರಿ ಕಂಬಳಿ ಹೊದಿಸೋಣ. ಅದನ್ನು ನೆಯ್ದವರ ಮನೆಗೇ ಹೋಗಿ, ಅವರು ಹೇಳಿದ ಬೆಲೆಗೆ ಕೊಳ್ಳೋಣ. ನೂತ ತಾಯಿಯನ್ನೂ ನೆಯ್ದ ತಂದೆಯನ್ನೂ ವೇದಿಕೆಗೆ ಕರೆಯೋಣ. ಅವರ ಮಕ್ಕಳು ಸಭೆಯಲ್ಲಿ ಕುಳಿತು ನೋಡಲಿ. ಮೊದಲ ಕಂಬಳಿಯ ಹಣ ನನ್ನದು.